ಎದೆಯ ಯಂತ್ರಕ್ಕೆ ಹಾಕಿದ ಪಾಲು

ಇಳಕಲ್ಲ
೯ ಆಗಸ್ಟ್ ೧೯೮೧

ತಮ್ಮ ರಾಚಪ್ಪನಿಗೆ ಅಕ್ಕ ಗುರುಲಿಂಗವ್ವನ ಆಶೀರ್ವಾದ.

ಕ್ಷೇಮ ಸಮಾಚಾರ ಮೊದಲು ಬರೆಯಬೇಕೆಂದು ಕೆರೂರಿನ ಸಾಲಿಯಲ್ಲಿ ಮಾಸ್ತರರು ಕಲಿಸಿದ್ದರು. ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಅಷ್ಟು ಸಾಕು, ಮುಂದೆ ಓದು.

ಪಂಚಮಿಗೆ ಬಂದಾಗ ನೀ ಜೋಕಾಲಿ ಗಿಡದ ಕೆಳಗೆ ಕೂತು ಮಣ್ಣಿನಲ್ಲಿ ಕಡ್ಡಿಯಿಂದ ಒಂದು ಯಂತ್ರದ ಚಿತ್ರ ತೆಗೆದೆಯಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಟೇಪ್‌ರೆಕಾರ್ಡರಿನಂಥ ಸಣ್ಣ ಪೆಟ್ಟಿಗೆ, ಅದರಿಂದ ಎದೆಗೆ ತಂತಿ, ಒಂದು ಹಗಲು ಒಂದು ರಾತ್ರಿ ಮೈಮೇಲೆ ಇದ್ದು ಎದೆಬಡಿತವನ್ನೆಲ್ಲ ಬರೆದುಕೊಳ್ಳುವುದು. ವಿಲಾಯಿತಿಯಲ್ಲಿ ಅಂಥದ್ದು ಇದೆ, ನಮ್ಮವರ ಕೈಗೆ ಎಟುಕುವ ಬೆಲೆಗೆ ನಾನೂ ಮಾಡಬಲ್ಲೆ ಎಂದೆ. ನೀ ಮಾತಿಗೆ ಮಾತೆಂದು ಹೇಳಿದ್ದಿರಬಹುದು. ನಾ ಹಾಗೆ ಕೇಳಲಿಲ್ಲ.

ನಮ್ಮ ಮನೆಯವರು, ನಿಮ್ಮ ಮಾಮಾ, "ಎದಿಯೊಳಗ ಗುಬ್ಬಿ ಹೊಕ್ಕಂಗ ಆಗ್ತೈತಿ" ಎಂದು ವರ್ಷವಿಡೀ ಹೇಳಿದರು. ಬಾಗಲಕೋಟೆಗೆ ಹೋಗಿ ಡಾಕ್ಟರರ ಮಂಚದ ಮೇಲೆ ಮಲಗಿದರೆ ಗುಬ್ಬಿ ಹಾರಿಹೋಗಿರುತ್ತಿತ್ತು. ಗ್ರಾಫ್ ತೆಗೆದರೆ ಎಲ್ಲ ಸರಿ. "ಸಾವಕಾರ್ರ, ನಿಮ್ಮ ಎದಿ ಕೋಟೆ ಗ್ವಾಡಿ ಇದ್ದಂಗ ಐತ್ರಿ" ಎಂದರು. ಡಾಕ್ಟರರ ತಪ್ಪೇನೂ ಇಲ್ಲ. ಅವರ ಯಂತ್ರ ನೋಡಿದ ಹೊತ್ತಿನಲ್ಲಿ ಎದೆ ಸುಮ್ಮನಿತ್ತು, ಅಷ್ಟೇ. ಅದೇ ವಾರ ಹುನಗುಂದದಲ್ಲಿ ಬಸ್ಸು ಹತ್ತಿದವರು ಇಳಕಲ್ಲಿನಲ್ಲಿ ಇಳಿಯಲಿಲ್ಲ. ಕಂಡಕ್ಟರ್ ನಿದ್ದೆ ಮಾಡಿದ್ದಾರೆಂದು ತಿಳಿದು ಹೆಗಲು ಅಲುಗಿಸಿದನಂತೆ.

ಪಾವರ್‌ಲೂಮ್ ಹಾಕಲು ನಾ ತೆಗೆದಿಟ್ಟ ದುಡ್ಡು ನಿನಗೆ ಗೊತ್ತು. ಅದನ್ನು ನಿನ್ನ ಯಂತ್ರಕ್ಕೆ ಹಾಕುತ್ತೇನೆ. ಮೈದುನ ಅಂದಪ್ಪ ನಿನ್ನೆ ನಮ್ಮ ಸೀರೆ ಅಂಗಡಿಗೆ ಬಂದು, "ವೈನಿ, ಪಾವರ್‌ಲೂಮ್ ಹಾಕಿದ್ರ ಮನಿಗೆ ಬಟ್ಟಿ ಬರ್ತೈತಿ. ಇದನ್ನ ಹಾಕಿದ್ರ ಏನ್ ಬರ್ತೈತಿ?" ಎಂದ. "ಮನಶ್ಯಾ ಮನಿಗೆ ಬರ್ತಾನ" ಎಂದೆ. ಆಮೇಲೆ ಅವ ಚಹಾ ಕುಡಿಯದೆ ಹೋದ.

ಕರಾರು ಮೂರು. ಇದು ಸಾಲವಲ್ಲ. ಕಾಗದದಲ್ಲಿ ಪಾಲುದಾರಳೆಂದು ನನ್ನ ಹೆಸರು ಇರಬೇಕು. ನನ್ನನ್ನು ಕೇಳದೆ ದೊಡ್ಡ ಕೆಲಸ ಯಾವುದನ್ನೂ ಮಾಡಬಾರದು.

ಗುರುಲಿಂಗವ್ವ

---

ಪುಣೆ
೩೦ ಆಗಸ್ಟ್ ೧೯೮೧

ಅಕ್ಕನಿಗೆ ಶರಣು.

ನಿನ್ನ ಪತ್ರವೂ ಬ್ಯಾಂಕಿನ ಡ್ರಾಫ್ಟೂ ಒಂದೇ ದಿನ ಬಂದವು. ಪತ್ರವನ್ನು ಎರಡು ಸಲ ಓದಿದೆ. ಡ್ರಾಫ್ಟನ್ನು ಮಾತ್ರ ಮುಟ್ಟಲು ಒಂದು ವಾರ ಬೇಕಾಯಿತು.

ಅಕ್ಕಾ, ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಉಡಿ ತುಂಬುವುದು ನಮ್ಮಲ್ಲಿಯ ರೀತಿ. ನಮ್ಮದು ತಿರುವುಮುರುವು ಆಯಿತು. ಅವ್ವ ತೀರಿದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನೀನು. ಈಗಲೂ ಹೊರುತ್ತಿದ್ದೀ. ಈ ಸಾಲವನ್ನು ಎರಡೇ ವರ್ಷದಲ್ಲಿ ಬಡ್ಡಿ ಸಮೇತ ತೀರಿಸದಿದ್ದರೆ ನಾನು ನಿನ್ನ ತಮ್ಮನೇ ಅಲ್ಲ.

ಕಾರ್ಖಾನೆಯ ನೌಕರಿಗೆ ರಾಜೀನಾಮೆ ಕೊಟ್ಟೆ. ಹತ್ತು ವರ್ಷ ಬೇರೆಯವರ ಮೀಟರುಗಳನ್ನು ಜೋಡಿಸಿದ್ದಾಯಿತು. ಒಂದು ಶೆಡ್ಡು ಹಿಡಿದು ಬಾಗಿಲ ಮೇಲೆ ಬೋರ್ಡು ಬರೆಸಿದ್ದೇನೆ: ಕೆರೂರ ಇನ್‌ಸ್ಟ್ರುಮೆಂಟ್ಸ್. ಬೋರ್ಡು ಬರೆದ ಮರಾಠಿ ಹುಡುಗ, ಇದು ನಿಮ್ಮ ಆಡನಾಮವೇ, ಮನೆತನದ ಹೆಸರೇ ಎಂದು ಕೇಳಿದ. ಹೌದೆಂದೆ.

ನಿನ್ನ ತಮ್ಮ,
ರಾಚಪ್ಪ

---

ಇಳಕಲ್ಲ
೧೪ ಸಪ್ಟೆಂಬರ್ ೧೯೮೧

ರಾಚಪ್ಪ,

ನಿನ್ನ ಪತ್ರದಲ್ಲಿ ಸಾಲ ಎಂಬ ಶಬ್ದವನ್ನು ಮಸಿಯಿಂದ ಹೊಡೆದು ಹಾಕಿದ್ದೇನೆ. ಇನ್ನೊಮ್ಮೆ ಬರೆದರೆ ಪತ್ರವನ್ನೇ ತಿರುಗಿ ಕಳಿಸುತ್ತೇನೆ.

ನಿನ್ನ ಮೇಲಿನ ಮಮತೆಗೆ ಕೊಟ್ಟೆನೆಂದು ತಿಳಿದೆಯೇನು? ಮಮತೆಗೆ ಕೊಡುವುದಾದರೆ ಕರದಂಟು ಕೊಡುತ್ತಿದ್ದೆ. ನಾ ಹನ್ನೊಂದು ವರ್ಷದಿಂದ ಈ ಅಂಗಡಿಯ ಗಾದಿಯ ಮೇಲೆ ಕೂಡುತ್ತಿದ್ದೇನೆ, ನಿಮ್ಮ ಮಾಮಾ ಇದ್ದಾಗಲೂ ನೂಲು ಕೊಳ್ಳುವವಳು ನಾನೇ ಆಗಿದ್ದೆ. ಯಾವ ಸೆರಗು ಮುಂದಿನ ವರ್ಷ ಓಡುತ್ತದೆ, ಯಾವುದು ಕಪಾಟಿನಲ್ಲಿ ಕೊಳೆಯುತ್ತದೆ ಎಂದು ಬಣ್ಣ ಹಾಕುವ ಮೊದಲೇ ಹೇಳುತ್ತೇನೆ. ನಿನ್ನ ಯಂತ್ರ ಓಡುತ್ತದೆ. ಅದಕ್ಕೇ ಹಾಕಿದ್ದು.

ಪಾಲುಪತ್ರ ಮಾಡಿಸಿ ಕಳಿಸು.

ಗು.

---

ಪುಣೆ
೨೧ ಮಾರ್ಚ್ ೧೯೮೨

ಅಕ್ಕನಿಗೆ ಶರಣು.

ಪಾಲುಪತ್ರ ಕಳಿಸಿದ ಮೇಲೆ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಬರೆಯುವಂಥದ್ದು ಏನೂ ಇರಲಿಲ್ಲ. ಮೊದಲನೆಯ ಯಂತ್ರ ಎದೆಬಡಿತದ ಜೊತೆ ಆಕಾಶವಾಣಿಯನ್ನೂ ಬರೆದುಕೊಂಡಿತು. ಎರಡನೆಯದು ಮಧ್ಯಾಹ್ನಕ್ಕೇ ಸೆಲ್ಲು ತಿಂದು ಮಲಗಿತು.

ಮೂರನೆಯದು ನಿನ್ನೆ ಪೂರ್ತಿ ಓಡಿತು. ಅರ್ಧ ಇಟ್ಟಂಗಿಯಷ್ಟು ದೊಡ್ಡದು, ತೂಕವೂ ಅಷ್ಟೇ. ಪಟ್ಟಿಯಿಂದ ಹೆಗಲಿಗೆ ಹಾಕಿಕೊಂಡರೆ ಬಗಲಲ್ಲಿ ಕೂಡುತ್ತದೆ. ಎದೆಗೆ ಅಂಟಿಸಿದ ಬಿಲ್ಲೆಗಳಿಂದ ಬಡಿತವನ್ನು ತಂತಿ ತರುತ್ತದೆ, ಟೇಪು ಬಸವನಹುಳುವಿನಂತೆ ನಿಧಾನ ತಿರುಗುತ್ತ ಬರೆದುಕೊಳ್ಳುತ್ತದೆ. ಡಾಕ್ಟರರು ಅದನ್ನು ಜೋರಾಗಿ ತಿರುಗಿಸಿ ದಿನದ ಎದೆಯನ್ನು ಊಟದ ಹೊತ್ತಿನೊಳಗೆ ಓದಿ ಮುಗಿಸಬಹುದು. ನಾನೇ ಕಟ್ಟಿಕೊಂಡು ಓಡಾಡಿದೆ. ನನ್ನ ಎದೆ ನೋಡಿದರೆ ನಿನಗೆ ನಗು ಬರುತ್ತಿತ್ತು. ಪಾಲುದಾರಳ ಪತ್ರ ತೆರೆಯುವಾಗ ಮಾತ್ರ ಅದು ಓಡಿದೆ.

ನಾನು ಗಟ್ಟಿಮುಟ್ಟಾಗಿದ್ದೇನೆ. ಈಗ ಸ್ಕೂಟರ್ ಬಿಟ್ಟು ಎಲ್ಲೆಡೆ ನಡೆದೇ ಹೋಗುತ್ತೇನೆ. ಮೈಗೆ ಒಳ್ಳೆಯದು.

ರಾಚಪ್ಪ

---

ಇಳಕಲ್ಲ
೬ ಜೂನ್ ೧೯೮೨

ತಮ್ಮಾ,

ಆಕಾಶವಾಣಿಯ ಸುದ್ದಿ ಓದಿ ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ನೀ ನಡೆದು ಓಡಾಡುವುದೂ ಒಳ್ಳೆಯದಾಯಿತು. ಸ್ಕೂಟರಿನ ಮೇಲೆ ಕೂತು ಹೊಟ್ಟೆ ಬರುತ್ತಿತ್ತು ನಿನಗೆ.

ಇಲ್ಲಿ ಪೇಟೆಯಲ್ಲಿ ನನಗೊಂದು ಹೆಸರು ಬಿದ್ದಿದೆ, ಎದಿ ಯಂತ್ರದ ಗುರುಲಿಂಗವ್ವ. ಎದುರಿನ ಅಂಗಡಿಯವರು ಗಿರಾಕಿಗಳಿಗೆ ಹಾಗೆಯೇ ದಾರಿ ಹೇಳುತ್ತಾರೆ. ಬರುವ ಗಿರಾಕಿಯಂತೂ ಬಂದೇ ಬರುತ್ತದೆ, ಬೋರ್ಡಿನ ಖರ್ಚು ಉಳಿಯಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತೆ ಆಗಬಾರದು ನೋಡು, ಅಷ್ಟೇ ನನ್ನ ಮಾತು.

ಬಾಗಲಕೋಟೆಗೆ ಹೋಗಿ ಆ ಡಾಕ್ಟರರನ್ನೇ ಕಂಡೆ. ನಿಮ್ಮ ಮಾಮಾನ ಗ್ರಾಫ್ ಓದಿದವರು. ನನ್ನನ್ನು ನೋಡಿ ಎದ್ದು ನಿಂತರು. ಯಂತ್ರದ ಸುದ್ದಿ ಹೇಳಿದೆ. "ಅಕ್ಕಾರ, ತರಿಸ್ರಿ. ತಲಿ ತಿರುಗಿ ಬೀಳೋರು, ಗ್ರಾಫಿನ್ಯಾಗ ಏನೂ ಸಿಗಲಾರದೋರು ನನ್ನ ಹತ್ರ ಅದಾರ. ಅವರಿಗೆ ಕಟ್ಟಿ ನೋಡೂಣು" ಎಂದರು. ಹುನಗುಂದದ ಬಸಲಿಂಗವ್ವ ಅವರಲ್ಲಿ ಒಬ್ಬಾಕೆ. ನಮ್ಮ ಹಳೆಯ ಗಿರಾಕಿ. ಲಿಂಗಪೂಜೆಯಲ್ಲಿ ಮೈಮರೆತು ಬೀಳುತ್ತಾಳೆ ಎಂದು ಓಣಿಯವರೆಲ್ಲ ಬೆಳಗಾದರೆ ಆಕೆಯ ಪಾದ ಮುಟ್ಟಲು ಬರುತ್ತಾರೆ. ಆಕೆಯ ಮಗನಿಗೆ ಮಾತ್ರ ದಿಗಿಲು.

ಎರಡು ಯಂತ್ರ ಕಳಿಸು. ಎದೆ ಇರುವುದು ಪುಣೆಯವರಿಗಷ್ಟೇ ಅಲ್ಲ.

ಗುರುಲಿಂಗವ್ವ

---

ಪುಣೆ
೧೮ ನವೆಂಬರ್ ೧೯೮೨

ಅಕ್ಕನಿಗೆ ಶರಣು.

ಎರಡು ಯಂತ್ರಗಳನ್ನು ಇಂದು ನೇರ ಬಾಗಲಕೋಟೆಯ ಡಾಕ್ಟರರಿಗೇ ಕಳಿಸಿದೆ. ನಿನಗೆ ತೋರಿಸಿ ಕಳಿಸಬೇಕೆಂದಿದ್ದೆ, ಆದರೆ ಪಾರ್ಸೆಲ್ ಎರಡು ಸಲ ಎತ್ತಿ ಇಳಿಸಿದರೆ ಒಳಗಿನ ಬೆಸುಗೆ ಬಿಡುತ್ತದೆ.

ಈ ಸಲ ಯಂತ್ರ ನೋಡಲೂ ಚೆಂದ. ಮೊದಲಿನ ಕ್ಯಾನ್ವಾಸಿನ ಚೀಲ ತೆಗೆದು ಕೊಲ್ಹಾಪುರದ ತೊಗಲಿನ ಚೀಲ ಹೊಲಿಸಿದೆ. ಹೆಗಲಿನ ಪಟ್ಟಿಯೂ ತೊಗಲಿನದೇ, ಎದೆಯ ಮೇಲೆ ಅಡ್ಡ ಬಂದು ತಂತಿಗಳನ್ನು ಅಲುಗದಂತೆ ಹಿಡಿಯುತ್ತದೆ. ಬೆಣ್ಣೆಯಷ್ಟು ಮೆತ್ತಗಿದೆ. ಮಾಡಿದ ನನಗೇ ಹೆಮ್ಮೆ ಎನಿಸಿತು.

ಮುಂಬಯಿಯಿಂದ ಒಬ್ಬರು ಬಂದಿದ್ದರು. ವಿದೇಶದ ಯಂತ್ರ ತರಿಸಿ ದವಾಖಾನೆಗಳಿಗೆ ಮಾರುವ ದೊಡ್ಡ ಕಂಪನಿಯವರು. ಎಲ್ಲ ತಿರುಗಿಸಿ ನೋಡಿ, ಚಹಾ ಕುಡಿದು ಹೋದರು. ಅಂಥ ವಿಶೇಷವೇನಿಲ್ಲ.

ರಾಚಪ್ಪ

---

ಪುಣೆ
೨೦ ಜನವರಿ ೧೯೮೩

ಅಕ್ಕಾ,

ಬಾಗಲಕೋಟೆಯಿಂದ ಟೇಪುಗಳು ಬಂದವು. ಹೇಗೆ ಬರೆಯಲಿ? ಒಂದೂ ಪೂರ್ತಿ ಇಲ್ಲ. ಡಾಕ್ಟರರು ಸಂಜೆ ಕಟ್ಟುತ್ತಾರೆ, ರಾತ್ರಿಯೆಲ್ಲ ಎದೆಬಡಿತ ಮುತ್ತಿನ ಹಾಗೆ ಬರುತ್ತದೆ. ಬೆಳಗಿನ ಹೊತ್ತಿಗೆ ನಿಂತುಹೋಗುತ್ತದೆ. ಆಮೇಲೆ ಬರೀ ಗರಗರ ಸದ್ದು. ಬಸಲಿಂಗವ್ವನ ಟೇಪೂ ಹಾಗೆಯೇ, ಉಳಿದ ಇಬ್ಬರದೂ ಹಾಗೆಯೇ. ಬಿಚ್ಚಿದ್ದೀರಾ ಎಂದು ಡಾಕ್ಟರರು ಕೇಳಿದರೆ, ಇಲ್ಲ ಎಂದು ಮೂವರೂ ಹೇಳಿದರಂತೆ. ಹಾಗಾದರೆ ನನ್ನ ಯಂತ್ರವೇ ಸೋತಿತು. ಇಲ್ಲಿ ಓಡಿದ್ದು ಅಲ್ಲಿ ಏಕೆ ಓಡುವುದಿಲ್ಲ, ತಿಳಿಯುತ್ತಿಲ್ಲ.

ಇನ್ನೊಂದು ಸಂಗತಿಯನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ಮುಂಬಯಿಯವರು ನಮ್ಮ ಕಂಪನಿಯನ್ನು, ನಕ್ಷೆಗಳ ಸಮೇತ, ಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಬಾಗಲಕೋಟೆಯ ಸುದ್ದಿ ಅವರ ಕಿವಿಗೆ ಬೀಳುವ ಮೊದಲು ಕೊಟ್ಟುಬಿಡುವುದು ಲೇಸು. ನೀನು ಹಾಕಿದ್ದು ನಿನಗೆ ಎರಡು ಪಟ್ಟಾಗಿ ಬರುತ್ತದೆ, ಈಗಲೂ ಪಾವರ್‌ಲೂಮ್ ಹಾಕಬಹುದು. ನಿನ್ನ ಋಣ ತೀರಿದರೆ ನನಗೆ ಬೇರೇನೂ ಬೇಡ. ಕಾಗದ ಜೊತೆಗಿದೆ, ಇಬ್ಬರ ಸಹಿಯೂ ಬೇಕು. ನನ್ನದು ಹಾಕಿದ್ದೇನೆ. ಯುಗಾದಿಯವರೆಗೆ ಗಡುವು ಕೊಟ್ಟಿದ್ದಾರೆ.

ರಾಚಪ್ಪ

---

ಪುಣೆ
೧೯ ಫೆಬ್ರವರಿ ೧೯೮೩

ಅಕ್ಕಾ,

ಒಂದು ತಿಂಗಳಾಯಿತು, ನಿನ್ನ ಉತ್ತರವಿಲ್ಲ. ನಿನ್ನ ಸಿಟ್ಟು ನನಗೆ ಗೊತ್ತು. ಬಯ್ಯುವುದಿದ್ದರೆ ಬಯ್ದು ಬರೆ, ಸುಮ್ಮನಿರಬೇಡ. ಸಹಿ ಹಾಕಿ ಕಳಿಸಿದರೂ ಸಾಕು.

ರಾಚಪ್ಪ

---

ಇಳಕಲ್ಲ
೨೪ ಫೆಬ್ರವರಿ ೧೯೮೩

ರಾಚಪ್ಪ,

ಸಿಟ್ಟಿನಿಂದ ಸುಮ್ಮನಿರಲಿಲ್ಲ. ಸಿಟ್ಟು ಬಂದದ್ದು ಮೊನ್ನೆ. ಅಲ್ಲಿಯವರೆಗೆ ಹುನಗುಂದಕ್ಕೆ ಓಡಾಡುತ್ತಿದ್ದೆ.

ನಿನ್ನ ಯಂತ್ರ ಸೋತಿದೆ ಎಂದು ನಾ ಒಪ್ಪಲಿಲ್ಲ. ಬಸಲಿಂಗವ್ವನಿಗೆ ಇನ್ನೊಮ್ಮೆ ಕಟ್ಟಿರೆಂದು ಡಾಕ್ಟರರಿಗೆ ಕೇಳಿಕೊಂಡೆ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ನಾಲ್ಕು ಸೀರೆ ಕಂಕುಳಲ್ಲಿಟ್ಟು, ತೋರಿಸಲು ಬಂದವಳಂತೆ ಅವರ ಮನೆಗೆ ಹೋದೆ. ಆಕೆ ಸ್ನಾನ ಮಾಡಿ ಪೂಜೆಗೆ ಕೂತಿದ್ದಳು. ನಿನ್ನ ಯಂತ್ರ ಎಲ್ಲಿತ್ತು ಹೇಳು? ಹಿತ್ತಲ ಬಾಗಿಲ ಹೊರಗೆ, ದನ ಕಟ್ಟುವ ಗೂಟಕ್ಕೆ ತೂಗುಬಿಟ್ಟಿದ್ದಳು. ಡಾಕ್ಟರರೂ ನೀನೂ ತಲೆಕೆಡಿಸಿಕೊಂಡದ್ದು ದನದ ಗೂಟದ ಎದೆಬಡಿತಕ್ಕೆ.

"ಯಾಕವ್ವಾ ತಗದಿ?" ಎಂದೆ. "ಅಲ್ಲವಾ, ತೊಗಲು. ಲಿಂಗಪ್ಪ ಇರೋ ಎದಿಮ್ಯಾಲೆ ತೊಗಲ ಹಾಕ್ಕೊಂಡು ಪೂಜಿ ಹ್ಯಾಂಗ ಮಾಡಲಿ? ಮಡಿ ಆದಮ್ಯಾಲೆ ಮುಟ್ಟಲಿಲ್ಲ" ಎಂದಳು. ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದರೆ, "ಅವರು ಪಾಪ ಇಷ್ಟ ಕಳಕಳಿಯಿಂದ ಕಟ್ಟಿದ್ರು. ಬಿಚ್ಚಿದ್ನಿ ಅಂದ್ರ ಮನಸಿಗೆ ಹತ್ತಿಸ್ಕೋತಾರ" ಎಂದಳು. ಉಳಿದಿಬ್ಬರನ್ನೂ ಕೇಳಿ ಬಂದೆ. ಅದೇ ಮಾತು, ಅದೇ ಮರ್ಯಾದೆ.

ಈಗ ನನ್ನ ಸಿಟ್ಟು ಕೇಳು. ಡಾಕ್ಟರರು ನಮ್ಮ ಹಾಗೆ ಲಿಂಗ ಕಟ್ಟಿದವರಲ್ಲ, ಅವರಿಗೆ ತಿಳಿಯದು. ನಿನಗೆ ತಿಳಿಯಲಿಲ್ಲವೆಂದರೆ ಹೇಗೆ? ಆ ತೊಗಲಿನ ಪಟ್ಟಿಯನ್ನು ಎದೆಗೆ ಅಡ್ಡ ಹಾಕಿಕೊಂಡು ಅಳತೆ ನೋಡಿದೆಯಲ್ಲ, ಎದೆಯ ಮೇಲಿನ ಲಿಂಗದ ಕರಡಿಗೆಗೆ ತಾಗಲಿಲ್ಲವೇ? ತಾಗಿದ್ದರೆ ಗೊತ್ತಾಗುತ್ತಿತ್ತು. ಕರಡಿಗೆಯೇ ಅಲ್ಲಿಲ್ಲ. ಹುನಗುಂದದ ಬಸ್ಸಿನಲ್ಲಿ ಇದು ಹೊಳೆದು ನನ್ನ ಕೈ ನನ್ನ ಲಿಂಗದ ಮೇಲೆ ಹೋಯಿತು. ಅವ್ವ ಸಾಯುವ ಮುಂಚೆ ನಿನ್ನ ಕೊರಳಿಗೆ ಶಿವದಾರ ಕಟ್ಟಿದ್ದನ್ನು ನಾ ನೋಡಿದ್ದೇನೆ. ಯಾವಾಗ ತೆಗೆದೆ?

ಮುಂಬಯಿಯ ಕಾಗದ ಸಹಿ ಇಲ್ಲದೆ ತಿರುಗಿ ಬರುತ್ತಿದೆ. ಮೂರನೆಯ ಕರಾರನ್ನು ಇನ್ನೊಮ್ಮೆ ಓದಿಕೋ. ಋಣ ಎಂದು ಬರೆದದ್ದನ್ನೂ ಹೊಡೆದು ಹಾಕಿದ್ದೇನೆ. ಅದು ಸಾಲದ ಅಣ್ಣ.

ಗುರುಲಿಂಗವ್ವ

---

ಪುಣೆ
೮ ಮಾರ್ಚ್ ೧೯೮೩

ಅಕ್ಕಾ,

ಯಂತ್ರ ಕೆಟ್ಟಿಲ್ಲ ಎಂಬ ಸಾಲನ್ನು ಓದಿ ಶೆಡ್ಡಿನಲ್ಲಿ ಕೂತುಬಿಟ್ಟೆ. ಅದೊಂದಕ್ಕೆ ನಿನಗೆ ಎಷ್ಟು ಸಲ ಶರಣೆಂದರೂ ಕಡಿಮೆ.

ಇನ್ನೊಂದು ಮಾತಿಗೆ ಉತ್ತರ. ಲಿಂಗ ತೆಗೆದಿಟ್ಟು ಎಂಟು ವರ್ಷವಾಯಿತು. ಯಾರೂ ಬಿಡಿಸಲಿಲ್ಲ, ಯಾವ ಚಟಕ್ಕೂ ಬೀಳಲಿಲ್ಲ. ಪೂಜೆಗೆ ಕೂತಾಗ ನನ್ನ ಮನಸ್ಸು ಅಲ್ಲಿರುತ್ತಿರಲಿಲ್ಲ. ಸುಮ್ಮನೆ ಅಂಗೈಯಲ್ಲಿ ಹಿಡಿದು ಕೂಡುವುದು ಸುಳ್ಳೆನಿಸಿತು. ಅವ್ವನದೆಂದು ಕರಡಿಗೆ ಪೆಟ್ಟಿಗೆಯಲ್ಲಿ ಜೋಪಾನವಾಗಿದೆ. ನಿನಗೆ ಹೇಳಲು ಧೈರ್ಯ ಸಾಲಲಿಲ್ಲ, ಅದು ಖರೆ. ಆದರೆ ತೆಗೆದದ್ದು ತಪ್ಪೆಂದು ಬರೆಯಲಾರೆ.

ಮತ್ತೆ ತೊಗಲಿನ ಮಾತು. ತೊಗಲು ಹದ ಮಾಡಿದವರು, ಚಪ್ಪಲಿ ಹೊಲಿದವರು ನಮ್ಮ ಶರಣರಲ್ಲಿ ಇರಲಿಲ್ಲವೇ? ಅವರ ಕೈ ಮುಟ್ಟಿದ್ದು ಮೈಲಿಗೆ ಎನ್ನುವವರು ಎದೆಯ ಮೇಲೆ ಲಿಂಗ ಕಟ್ಟಿಕೊಂಡು ಏನು ಬಂತು? ಬಸಲಿಂಗವ್ವನಿಗೆ ಇದನ್ನು ಕೇಳಿದೆಯಾ?

ರೆಗ್ಜಿನ್ ಹಾಕಿ ನೋಡಿದೆ. ಬೆವರು ಹಿಡಿದು ಬಿಲ್ಲೆಗಳು ಕಿತ್ತು ಬರುತ್ತವೆ. ಕ್ಯಾನ್ವಾಸು ಮೈ ಕೊರೆಯುತ್ತದೆ, ಪಟ್ಟಿ ಜಗ್ಗಿ ಸಡಿಲಾಗುತ್ತದೆ. ಯುಗಾದಿಗೆ ಹೆಚ್ಚು ದಿನ ಉಳಿದಿಲ್ಲ. ಮುಂಬಯಿಯವರು ತಾರು ಮೇಲೆ ತಾರು ಕಳಿಸುತ್ತಿದ್ದಾರೆ.

ರಾಚಪ್ಪ

---

ಇಳಕಲ್ಲ
೨ ಏಪ್ರಿಲ್ ೧೯೮೩

ತಮ್ಮಾ,

ನಿನ್ನ ಪತ್ರ ಬಂದ ದಿನ ನಾ ಊಟ ಮಾಡಲಿಲ್ಲ. ಮರುದಿನ ಮಾಡಿದೆ. ಸುಳ್ಳು ಸುಳ್ಳೇ ಅಂಗೈಯಲ್ಲಿ ಹಿಡಿಯಲಾರೆ ಎಂದು ಬರೆದೆಯಲ್ಲ, ಅದು ನನಗೆ ನೋವು ಮಾಡಿತು, ಜೊತೆಗೆ ಇವನು ನಮ್ಮ ಅವ್ವನ ಮಗನೇ ಎಂದೂ ಅನಿಸಿತು. ಅದು ನಿನ್ನ ಎದೆ. ಅದರ ಮೇಲೆ ನಾ ಪಾಲು ಹಾಕಿಲ್ಲ.

ತೊಗಲಿನ ಮಾತನ್ನೂ ಓದಿದೆ. ನೀ ಹೇಳಿದ್ದು ಸರಿ. ಶರಣರ ಹೆಸರು ದಿನಾ ತೆಗೆದುಕೊಂಡು ಅವರ ಮಾತನ್ನು ಮಾತ್ರ ನಾವು ಬಿಟ್ಟೆವು. ಆದರೆ ರಾಚಪ್ಪ, ನಮಗೆ ಬಸಲಿಂಗವ್ವನ ಎದೆ ಓದಬೇಕಾಗಿದೆ. ಆಕೆಯ ಜೊತೆ ವಾದ ಗೆಲ್ಲುವುದನ್ನು ಆಕೆ ಬದುಕಿ ಉಳಿದ ಮೇಲೆ ಮಾಡೋಣ, ಇಬ್ಬರೂ ಕೂಡಿ ಹೋಗೋಣ.

ನೇಕಾರ ಹುಚ್ಚಪ್ಪ ನಿನಗೆ ನೆನಪಿರಬೇಕು, ನಮ್ಮ ಅಂಗಡಿಗೆ ಸೀರೆ ನೇಯುವವ. ಅವನನ್ನು ಕರೆದು ಒಂದು ಪಟ್ಟಿ ನೇಯಲು ಹೇಳಿದೆ. ಮೊದಲನೆಯದನ್ನು ಸೀರೆಯ ದಡಿಯಂತೆ ತೆಳುವಾಗಿ ನೇಯ್ದ, ಯಂತ್ರ ಇಟ್ಟರೆ ಜೋತುಬಿತ್ತು. ಎರಡನೆಯದು ಗೋಣಿಯಂತೆ ಆಯಿತು, ನನಗೇ ಸುತ್ತಿ ನೋಡಿದರೆ ಉಸಿರು ಕಟ್ಟಿತು. ಇಬ್ಬರೂ ಒಂದು ಮಧ್ಯಾಹ್ನ ಜಗಳಾಡಿ ಮೂರನೆಯದಕ್ಕೆ ನೂಲನ್ನು ಹುರಿಮಾಡಿ ಹಾಕಿದೆವು. ಮಗ್ಗದ ಮೇಲೇ ಎರಡು ಪದರು ತೆಗೆದು ಯಂತ್ರಕ್ಕೆ ಜೇಬು ಬಿಟ್ಟಿದ್ದಾನೆ, ಹೊಲಿಗೆ ಇಲ್ಲ. ತಂತಿಗೆ ಕಿಂಡಿ ಇವೆ. ಮೈಗೆ ಹತ್ತುತ್ತದೆ, ಕೊರೆಯುವುದಿಲ್ಲ. ಬಣ್ಣ ಬೇಡ ಎಂದರೂ ಕೇಳದೆ ಅಂಚಿಗೆ ಕೆಂಪು ಗೆರೆ ಹಾಕಿದ. "ಬರೇ ಬಿಳೀದು ನನ್ನ ಕೈಲೆ ಆಗೂದಿಲ್ರೀ ಅವ್ವಾರ" ಎಂದ.

ಬಸಲಿಂಗವ್ವ ಪಟ್ಟಿ ಮುಟ್ಟಿ ನೋಡಿ, "ಇದು ಅರಿವಿ ಐತಲ್ಲಾ. ಇದಕ್ಕ ಏನ್ ಅಡ್ಡಿ?" ಎಂದಳು. ಡಾಕ್ಟರರು ಅದರಲ್ಲೇ ಯಂತ್ರ ಕಟ್ಟಿದ ಮರುದಿನ ಬೆಳಿಗ್ಗೆ ಮೈ ಒರೆಸಿಕೊಂಡು ಪಟ್ಟಿ ಬಿಚ್ಚದೆ ಪೂಜೆಗೆ ಕೂತಳು. ನಾ ಪಕ್ಕದಲ್ಲೇ ಕೂತಿದ್ದೆ. ವಿಭೂತಿ ಹಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡವಳು, ನೋಡುತ್ತಿದ್ದಂತೆ ವಾಲಿದಳು. ಹೊರಗೆ ಕೂತಿದ್ದ ಹೆಂಗಸರು ಕೈಮುಗಿದರು. ನಾ ಆಕೆಯ ಹೆಗಲು ಹಿಡಿದೆ. ಮೈ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ಏನಾಯಿತೆಂದು ನನ್ನನ್ನೇ ಕೇಳಿದಳು.

ಆ ಟೇಪನ್ನು ಇದರ ಜೊತೆ ರಿಜಿಸ್ಟರ್ ಮಾಡಿದ್ದೇನೆ. ಬಂದ ಕೂಡಲೇ ನೋಡು.

ಗುರುಲಿಂಗವ್ವ

---

ತಾರು
ಪುಣೆ, ೯ ಏಪ್ರಿಲ್ ೧೯೮೩

ಟೇಪು ಪೂರ್ಣ. ಪೂಜೆಯ ಹೊತ್ತಿಗೆ ಎದೆ ಆರು ಸೆಕೆಂಡು ನಿಂತಿದೆ. ಇಲ್ಲಿಯ ಹೃದಯದ ಡಾಕ್ಟರರು ನೋಡಿದರು. ಬಸಲಿಂಗವ್ವನನ್ನು ತಕ್ಷಣ ಕರೆದುಕೊಂಡು ಬಾ. ರಾಚಪ್ಪ

---

ಪುಣೆ
೫ ಜೂನ್ ೧೯೮೩

ಅಕ್ಕನಿಗೆ ಶರಣು.

ನೀವು ಮೂವರೂ ಸುಖವಾಗಿ ಊರು ಮುಟ್ಟಿದಿರೆಂದು ಬಸಲಿಂಗವ್ವನ ಮಗ ಕಾರ್ಡು ಬರೆದಿದ್ದಾನೆ. ಆಕೆಯ ಎದೆಯಲ್ಲಿಟ್ಟ ಪೇಸ್‌ಮೇಕರ್ ಸರಿಯಾಗಿ ನಡೆದಿದೆ, ಪೂಜೆಯಲ್ಲಿ ಒಮ್ಮೆಯೂ ಬಿದ್ದಿಲ್ಲವಂತೆ. ಇಲ್ಲಿಯ ದೊಡ್ಡ ಡಾಕ್ಟರರು ಆ ಟೇಪನ್ನು ಕಲಿಯುವವರಿಗೆಲ್ಲ ತೋರಿಸುತ್ತಿದ್ದಾರೆ. ನಾಲ್ಕು ಯಂತ್ರ ಬೇಕೆಂದು ಹೇಳಿದ್ದಾರೆ. ಪಟ್ಟಿ ಅದೇ ಇರಬೇಕಂತೆ, ಕೆಂಪು ಅಂಚಿನದು. ಅವರ ಮರಾಠಿ ರೋಗಿಗಳೂ ಅದನ್ನು ಬಿಚ್ಚುವುದಿಲ್ಲ.

ಯುಗಾದಿ ದಾಟಿ, ನೀನಿದ್ದಾಗ ಒಮ್ಮೆ ಬಂದು ಹೋದ ಮೇಲೆ ಮುಂಬಯಿಯವರು ಬಿಟ್ಟುಹೋದರೆಂದು ತಿಳಿದಿದ್ದೆ. ನಿನ್ನೆ ಮತ್ತೆ ಬಂದು ಬೆಲೆ ಇನ್ನೂ ಏರಿಸಿದ್ದಾರೆ. ಈ ಸಲ ಕಾಗದಕ್ಕೆ ನಾನು ಸಹಿ ಹಾಕಿಲ್ಲ. ನನ್ನ ಮನಸ್ಸಿನಲ್ಲಿರುವುದನ್ನೂ ಬರೆಯುವುದಿಲ್ಲ. ಬರೆದರೆ ನೀನು ನನಗಾಗಿ ಅದನ್ನೇ ಹಿಡಿಯಬಹುದು. ಮೊದಲು ನಿನ್ನ ಅಭಿಪ್ರಾಯ ಬೇಕು. ಅಕ್ಕನನ್ನು ಕೇಳುತ್ತಿಲ್ಲ, ಕೆರೂರ ಇನ್‌ಸ್ಟ್ರುಮೆಂಟ್ಸಿನ ಪಾಲುದಾರಳನ್ನು ಕೇಳುತ್ತಿದ್ದೇನೆ.

ರಾಚಪ್ಪ

---

ಇಳಕಲ್ಲ
೧೭ ಜೂನ್ ೧೯೮೩

ಪಾಲುದಾರ ರಾಚಪ್ಪನವರಿಗೆ ಗುರುಲಿಂಗವ್ವನ ಶರಣು.

ಈ ಒಂದು ಸಲ ಹೀಗೆ ಬರೆಯುತ್ತೇನೆ, ಮುಂದಿನ ಪತ್ರಕ್ಕೆ ಮತ್ತೆ ತಮ್ಮನಾಗು. ನಿನ್ನ ಪತ್ರದ ಕೊನೆಯ ಸಾಲನ್ನು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಗಟ್ಟಿಯಾಗಿ ಓದಿದೆ. ಅವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಪುಣೆಯಲ್ಲಿ ನಿನ್ನ ಖೋಲಿ ನೋಡಿದೆ. ಒಂದು ಚಾಪೆ, ಒಂದು ಸ್ಟೋವು. ಸ್ಕೂಟರ್ ಎಲ್ಲಿದೆ ಎಂದು ಅಲ್ಲಿ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ನಡೆದರೆ ಮೈಗೆ ಒಳ್ಳೆಯದೆಂದು ನಾನೂ ನಂಬಿ ನಕ್ಕೆನಲ್ಲ, ಅದು ನೆನಪಾಗಿ ರೈಲಿನಲ್ಲಿ ಬಾಳ ಹೊತ್ತು ಅತ್ತೆ. ಬಸಲಿಂಗವ್ವ ತನಗಾಗಿ ಅಳುತ್ತಿದ್ದೇನೆಂದು ತಿಳಿದು ಸಮಾಧಾನ ಮಾಡಿದಳು. ಆಕೆ ಚೆನ್ನಾಗಿದ್ದಾಳೆ. ಒಂದೇ ಬೇಜಾರು, ಓಣಿಯವರು ಪಾದ ಮುಟ್ಟಲು ಬರುವುದನ್ನು ಬಿಟ್ಟಿದ್ದಾರಂತೆ.

ಮೊನ್ನೆ ಬಾಗಲಕೋಟೆಯ ಡಾಕ್ಟರರು ಅಂಗಡಿಗೇ ಬಂದಿದ್ದರು. ಹೆಂಡತಿಗೆ ಸೀರೆ ಬೇಕೆಂದರು. ಯಾವುದನ್ನೂ ಬಿಚ್ಚಿಸಿ ನೋಡಲಿಲ್ಲ. ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ಅಕ್ಕಾರ, ಆಗ ಇದು ಇದ್ದಿದ್ರ ಸಾವಕಾರ್ರು ಇರ್ತಿದ್ರೇನೋ" ಎಂದರು. ಇಷ್ಟು ವರ್ಷ ಆ ಮಾತನ್ನು ನನ್ನೊಳಗೇ ಹೇಳಿಕೊಂಡಿದ್ದೆ. ಇನ್ನೊಬ್ಬರ ಬಾಯಿಂದ ಕೇಳಿದಾಗ ಎದೆಯ ಭಾರ ಇಳಿಯಿತು. ಅವರಿಗೆ ಸೀರೆಯನ್ನು ಪುಕ್ಕಟೆ ಕೊಡಲಿಲ್ಲ, ವ್ಯಾಪಾರ ವ್ಯಾಪಾರವೇ. ಆದರೆ ಒಳ್ಳೆಯದನ್ನು ಕೊಟ್ಟೆ.

ಅಂದಪ್ಪನೂ ಬಂದಿದ್ದ. ಈ ಸಲ ಚಹಾ ಕುಡಿದ. ಕಪ್ಪು-ಬಸಿಯನ್ನು ಕೆಳಗಿಟ್ಟು, "ವೈನಿ, ನಿಮ್ಮ ಕಂಪನಿಯೊಳಗ ನನಗೂ ಒಂದೀಟು ಪಾಲು ಸಿಗತೈತೇನ್ರಿ?" ಎಂದ. "ನಾ ಒಬ್ಬಾಕಿ ಹ್ಯಾಂಗ ಹೇಳಲಿ? ನನ್ನ ಪಾಲುದಾರನ್ನ ಕೇಳಿ ಹೇಳ್ತೇನಿ" ಎಂದೆ. ಆ ಮಾತು ಹೇಳುವಾಗ ಬಾಯಿ ಎಷ್ಟು ಸಿಹಿಯಾಯಿತೆಂದರೆ ಸಕ್ಕರೆ ಇಲ್ಲದೆ ಚಹಾ ಕುಡಿದೆ.

ಈಗ ನೀ ಕೇಳಿದ್ದಕ್ಕೆ ಉತ್ತರ. ನಾ ಪುಣೆಯಲ್ಲಿದ್ದಾಗ ಆ ಮುಂಬಯಿಯ ಮನುಷ್ಯ ಶೆಡ್ಡಿಗೆ ಬಂದಿದ್ದನಲ್ಲ. ನೀ ಒಳಗೆ ಬೆಸುಗೆ ಹಾಕುತ್ತಿದ್ದೆ. ಕೊಂಡ ಮೇಲೆ ವರ್ಷಕ್ಕೆ ಎಷ್ಟು ಯಂತ್ರ ಮಾಡುತ್ತೀರಿ ಎಂದು ನಿನ್ನ ಶೆಡ್ಡಿನ ಕೆಲಸದ ಹುಡುಗನ ಕಡೆಯಿಂದ ಮರಾಠಿಯಲ್ಲಿ ಕೇಳಿಸಿದೆ. ಅವನು ನಕ್ಕು ಬೆಲೆಯ ಮಾತು ತೆಗೆದ. ಇನ್ನೊಮ್ಮೆ ಕೇಳಿಸಿದೆ. ಮತ್ತೆ ಬೆಲೆ. ಆಗಲೇ ತಿಳಿಯಿತು. ಅವನಿಗೆ ನಮ್ಮ ಯಂತ್ರ ಬೇಕಾಗಿಲ್ಲ, ನಮ್ಮ ಯಂತ್ರ ಪೇಟೆಗೆ ಬಾರದಿರುವುದು ಬೇಕಾಗಿದೆ. ಎದುರಿನ ಅಂಗಡಿಯ ಮಾಲನ್ನೆಲ್ಲ ಕೊಂಡು ಕಪಾಟಿನಲ್ಲಿ ಬೀಗ ಹಾಕಿದವರನ್ನು ನಾ ಇಳಕಲ್ಲಿನಲ್ಲೂ ಕಂಡಿದ್ದೇನೆ.

ಮಾರುವುದಿಲ್ಲ. ಹುಚ್ಚಪ್ಪನ ಮಗ್ಗಕ್ಕೆ ಇನ್ನೊಂದು ಮಗ್ಗ ಕೂಡಿಸಿದ್ದೇನೆ, ಈ ತಿಂಗಳಲ್ಲಿ ಪಟ್ಟಿಗಳು ಬರುತ್ತವೆ. ನೀ ಯಂತ್ರ ಮಾಡು. ಲಾಭ ತಡವಾಗಿ ಬರಲಿ, ನನಗೆ ಕಾಯುವುದು ಗೊತ್ತು.

ಮುಂಬಯಿಯವರಿಗೆ ಇಬ್ಬರ ಹೆಸರಿನಲ್ಲಿ ಉತ್ತರ ಬರೆದು ಇಲ್ಲಿಗೆ ಕಳಿಸು, ಸಹಿ ಹಾಕಿ ನಾನೇ ಅಂಚೆಗೆ ಹಾಕುತ್ತೇನೆ. ನಿನ್ನ ಸಹಿಯನ್ನು ಕೆಳಗೆ ಹಾಕು, ಮೇಲೆ ನನಗೆ ಜಾಗ ಬಿಡು. ಹಿರಿಯಳೆಂದು ಕೇಳುತ್ತಿಲ್ಲ. ಈ ಯಂತ್ರವನ್ನು ನಿನಗಿಂತ ಮೊದಲು ನಂಬಿದವಳು ನಾನು.

ಗುರುಲಿಂಗವ್ವ
ಪಾಲುದಾರಳು, ಕೆರೂರ ಇನ್‌ಸ್ಟ್ರುಮೆಂಟ್ಸ್